ನಾಲ್ಕು, ಮೂರು, ಐದು: ಎರಡು ವರ್ಷದಿಂದ ನಾನು ಹೋಗುತ್ತಿರುವ ಹಲ್ಲಿನ ಕ್ಲಿನಿಕ್ ಬಗ್ಗೆ

ನಾನು ಟ್ಯಾಕ್ಸಿ ಓಡಿಸುತ್ತೇನೆ. ದಿನಕ್ಕೆ ಹನ್ನೊಂದು ಗಂಟೆ ಗಾಡಿಯಲ್ಲೇ ಕಳೆಯುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಅರ್ಧ ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ನೋವು ಬಂದರೂ ನಾಳೆ, ನಾಡಿದ್ದು ಅಂತ ತಳ್ಳಿಕೊಂಡು ಬಂದಿದ್ದೆ. ಈಗ ಎರಡು ವರ್ಷದಿಂದ ಒಂದೇ ಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ಆ ಕುರ್ಚಿಯಲ್ಲಿ ಹನ್ನೆರಡು ಸಲ ಮಲಗಿ ಎದ್ದಿದ್ದೇನೆ. ಒಂದು ಸಲ ಹೋಗಿ ಬಂದು ಬರೆಯುವುದಕ್ಕಿಂತ ಇಷ್ಟು ನೋಡಿದ ಮೇಲೆ ಬರೆದರೆ ಯಾರಿಗಾದರೂ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಕೆಳಗಿನ ಬಲಗಡೆ ದವಡೆ ಹಲ್ಲಿನಿಂದ. ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು. ಆಮೇಲೆ ಬಿಸಿ ಕುಡಿದರೂ ನೋವು. ಕೊನೆಗೆ ಏನೂ ಕುಡಿಯದಿದ್ದರೂ ರಾತ್ರಿ ಮಲಗಿದ ಕೂಡಲೇ ಕಿವಿಯವರೆಗೆ ಎಳೆಯುತ್ತಿತ್ತು. ಅದೇ ಹಲ್ಲಿಗೆ ಒಂದು ವರ್ಷದ ಹಿಂದೆ ಬೇರೆ ಕಡೆ ಸಿಮೆಂಟ್ ತುಂಬಿಸಿದ್ದೆ. ಆ ಜಾಗದ ಹೆಸರು ಇಲ್ಲಿ ಬೇಡ. ಅಲ್ಲಿ ಟಾರ್ಚ್ ಹಾಕಿ ನೋಡಿದರು, ಎಕ್ಸ್‌ರೇ ತೆಗೆಯಲಿಲ್ಲ, ಹತ್ತೇ ನಿಮಿಷದಲ್ಲಿ ತುಂಬಿ ಕಳಿಸಿದರು. ನೋವು ಅಂತ ಮತ್ತೆ ಹೋದಾಗ ಆ ಹಲ್ಲಿನ ಜೊತೆ ಪಕ್ಕದ ಎರಡನ್ನೂ ಕೀಳಿಸಿಬಿಡಿ ಅಂದರು. ಯಾಕೆ ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ನಾನು ಎದ್ದು ಬಂದೆ. ಆಗ ಜೊತೆಯ ಡ್ರೈವರ್ ಒಬ್ಬರು ಈ ಕ್ಲಿನಿಕ್ ಹೇಳಿದರು. ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ ಅನ್ನೋದೇ ನನಗೆ ಮೊದಲು ಹಿಡಿಸಿದ್ದು.

ಮೊದಲ ದಿನ ಚಿಕಿತ್ಸೆ ಏನೂ ಮಾಡಲಿಲ್ಲ. ಬರೀ ನೋಡಿದರು. ಅದಕ್ಕೇ ನಲವತ್ತು ನಿಮಿಷ ಹಿಡಿಯಿತು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಮಾತ್ರೆ ಆಗಿಬರುವುದಿಲ್ಲವಾ, ಎಲ್ಲ ಕೇಳಿ ಬರೆದುಕೊಂಡರು. ಹಲ್ಲಿಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ ಅಂತ ಕೇಳಿದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ತರುವುದೂ ಕಷ್ಟ, ಎರಡೂ ಒಂದನ್ನೊಂದು ಎಳೆಯುತ್ತವೆ ಅಂದರು ಡಾಕ್ಟರು.

ಆಮೇಲೆ ಅವರು ಮಾಡಿದ ಕೆಲಸ ನನ್ನ ಜೀವನದಲ್ಲಿ ಯಾರೂ ಮಾಡಿರಲಿಲ್ಲ. ಸ್ಕೇಲಿನ ಹಾಗೆ ಗೆರೆ ಇರುವ ಒಂದು ತೆಳ್ಳನೆ ಕಡ್ಡಿ ತೆಗೆದುಕೊಂಡರು. ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಮೆಲ್ಲಗೆ ಇಳಿಸುತ್ತಾ ಒಂದೊಂದೇ ಸಂಖ್ಯೆ ಹೇಳತೊಡಗಿದರು. "ಮೂರು, ಎರಡು, ಮೂರು. ನಾಲ್ಕು, ಮೂರು, ಐದು." ಪಕ್ಕದಲ್ಲಿ ಸಹಾಯಕಿ ಬರೆದುಕೊಳ್ಳುತ್ತಿದ್ದರು. ಒಂದು ಹಲ್ಲಿಗೆ ಆರು ಕಡೆ ಅಳತೆ, ಹೊರಗೆ ಮೂರು, ಒಳಗೆ ಮೂರು. ನನಗೆ ಇರುವುದು 28 ಹಲ್ಲು, ಬುದ್ಧಿಹಲ್ಲು ಯಾವುದೂ ಈಗಿಲ್ಲ. ಅಂದರೆ 168 ಸಂಖ್ಯೆ. ಇವು ಮಿಲಿಮೀಟರ್, ಮೂರರವರೆಗೆ ಇದ್ದು ರಕ್ತ ಬರದಿದ್ದರೆ ಒಳ್ಳೆಯದು, ನಾಲ್ಕೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಒಸಡು ಹಲ್ಲಿನಿಂದ ಬಿಟ್ಟುಕೊಂಡು ಜೇಬಿನ ಹಾಗೆ ಆಗಿದೆ ಅಂತ ಅರ್ಥ ಅಂತ ಮೊದಲೇ ಹೇಳಿದ್ದರು. ಹಾಗಾಗಿ ನಾನು ಬಾಯಿ ತೆರೆದು ಮಲಗಿಕೊಂಡೇ ಕೇಳಿಸಿಕೊಳ್ಳುತ್ತಿದ್ದೆ. ಕೆಳಗಿನ ಎಡಗಡೆ ಹಿಂದಕ್ಕೆ ಬಂದಾಗ "ಐದು, ಐದು, ಆರು" ಅಂದರು. ನನ್ನ ಎದೆ ಧಸಕ್ಕೆಂದಿತು.

ಅಲ್ಲಿ ನನಗೆ ಯಾವತ್ತೂ ನೋವಿರಲಿಲ್ಲ. ಬ್ರಷ್ ಮಾಡುವಾಗ ಸ್ವಲ್ಪ ರಕ್ತ ಬರುತ್ತಿತ್ತು, ಬ್ರಷ್ ಚುಚ್ಚಿರಬೇಕು ಅಂದುಕೊಂಡು ಸುಮ್ನೆ ಇದ್ದೆ. ಒಸಡಿನ ಕಾಯಿಲೆ ಹೀಗೇ ಸದ್ದಿಲ್ಲದೆ ಬರುತ್ತದಂತೆ. ನೋವು ಕೊಟ್ಟ ಹಲ್ಲು ನನ್ನನ್ನು ಕ್ಲಿನಿಕ್‌ಗೆ ಎಳೆದು ತಂದಿತು, ನಿಜ. ಆದರೆ ನೋವೇ ಕೊಡದ ಈ ಕಡೆಯ ಹಲ್ಲುಗಳೇ ಜಾಸ್ತಿ ಅಪಾಯದಲ್ಲಿದ್ದವು. ನಮಗೆ ರಕ್ತ ಕೈಯಲ್ಲಿ ಬಂದರೆ ಗಾಬರಿ ಆಗುತ್ತದೆ, ಅದೇ ರಕ್ತ ಬಾಯಲ್ಲಿ ದಿನಾ ಬಂದರೂ ತೊಳೆದು ಉಗಿದು ಕೆಲಸಕ್ಕೆ ಹೋಗುತ್ತೇವೆ, ಅಲ್ವಾ?

ಎಕ್ಸ್‌ರೇ ಆಮೇಲೆ. ಬಾಯೊಳಗೆ ಇಡುವ ಆ ಚೌಕಾಕಾರದ ತುಂಡು ನಾಲಿಗೆಯ ಕೆಳಗೆ ಒತ್ತುತ್ತದೆ, ವಾಂತಿ ಬಂದ ಹಾಗೆ ಆಗುತ್ತದೆ. ಮೂಗಿನಲ್ಲಿ ಉಸಿರಾಡಿ ಅಂದರು, ಹಾಗೆ ಮಾಡಿದರೆ ತಡೆದುಕೊಳ್ಳಬಹುದು. ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಹಳೇ ಸಿಮೆಂಟಿನ ಅಡಿಯಲ್ಲೇ ಹುಳುಕು ಮುಂದುವರೆದು ನರದವರೆಗೆ ಹೋಗಿತ್ತು. ಬೇರಿನ ತುದಿಯಲ್ಲಿ ಕಪ್ಪು ನೆರಳು, ಅಂದರೆ ಸೋಂಕು ಅಲ್ಲಿಯ ಮೂಳೆಗೂ ಮುಟ್ಟಿತ್ತು. ಪಕ್ಕದ ಎರಡು ಹಲ್ಲು, ಕೀಳಬೇಕು ಅಂದಿದ್ದರಲ್ಲ, ಅವುಗಳಲ್ಲಿ ಒಂದಕ್ಕೆ ಸಂದಿಯಲ್ಲಿ ಸಣ್ಣ ಹುಳುಕು, ಇನ್ನೊಂದಕ್ಕೆ ಏನೂ ಇಲ್ಲ. ಎರಡು ಹಲ್ಲಿನ ನಡುವಿನ ಹುಳುಕು ಶುರುವಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಟಾರ್ಚ್ ಹಿಡಿದು ಏನು ನೋಡಿದ್ದರೋ. ಅವತ್ತು ಮಾತು ಕೇಳಿ ಕೀಳಿಸಿಕೊಂಡಿದ್ದರೆ ಎರಡು ಹಲ್ಲು ಸುಮ್ಮನೆ ಹೋಗುತ್ತಿದ್ದವು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಹಲ್ಲಿಗೆ ರೂಟ್ ಕೆನಾಲ್, ಅಂದರೆ ಒಳಗಿನ ಕೆಟ್ಟ ನರ ತೆಗೆದು ತೊಳೆದು ತುಂಬುವ ಚಿಕಿತ್ಸೆ, ಎರಡು ಸಲಕ್ಕೆ ಮುಗಿಯಿತು. ಜನ ಇದರ ಹೆಸರು ಕೇಳಿದರೇ ಹೆದರುತ್ತಾರೆ, ನಾನೂ ಹೆದರಿದ್ದೆ. ಮೊದಲು ಒಸಡಿಗೆ ಮರಗಟ್ಟಿಸುವ ಜೆಲ್ ಸವರಿದರು, ಆಮೇಲೆ ಇಂಜೆಕ್ಷನ್. ತುಂಬಾ ನಿಧಾನವಾಗಿ ಕೊಟ್ಟರು. ಎದೆ ಸ್ವಲ್ಪ ಹೊತ್ತು ಜೋರಾಗಿ ಬಡಿದುಕೊಳ್ಳಬಹುದು, ಮದ್ದಿನಲ್ಲಿ ಅಡ್ರಿನಲಿನ್ ಇರುತ್ತದೆ, ಗಾಬರಿ ಆಗಬೇಡಿ ಅಂತ ಮೊದಲೇ ಹೇಳಿದರು. ನಿಜವಾಗಿಯೂ ಬಡಿದುಕೊಂಡಿತು. ಮೊದಲೇ ಹೇಳಿದ್ದರಿಂದ ಧೈರ್ಯವಾಗಿ ಮಲಗಿದ್ದೆ. ಆಮೇಲೆ ಬಾಯಿಯ ಮೇಲೆ ಒಂದು ಹಸಿರು ರಬ್ಬರ್ ಹಾಳೆ ಬಿಗಿದರು. ಕನ್ನಡಿ ಕೊಟ್ಟು ನೋಡಿ ಅಂದರು. ಹಸಿರು ಹಾಳೆಯ ನಡುವೆ ನನ್ನ ಒಂದೇ ಒಂದು ಹಲ್ಲು ಎದ್ದು ನಿಂತಿತ್ತು! ಎಂಜಲಿನಲ್ಲಿರುವ ಬ್ಯಾಕ್ಟೀರಿಯಾ ಹಲ್ಲಿನೊಳಗೆ ಹೋಗಬಾರದು, ಒಳಗೆ ತೊಳೆಯುವ ಮದ್ದು ಮತ್ತು ಸಣ್ಣ ಸೂಜಿಗಳು ಗಂಟಲಿಗೆ ಬೀಳಬಾರದು, ಅದಕ್ಕೇ ಈ ಹಾಳೆ. ರೂಟ್ ಕೆನಾಲ್ ಮಾಡಿಸುವುದಿದ್ದರೆ ಡಾಕ್ಟರು ಇದನ್ನು ಹಾಕುತ್ತಾರಾ ಅಂತ ಮೊದಲೇ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ನನ್ನ ಹಲ್ಲಿನ ಬೇರುಗಳಲ್ಲಿ ನರ ಹೋಗುವ ಮೂರು ನಾಳ ಸಿಕ್ಕವು. ಸೂಜಿ ಬೇರಿನ ತುದಿ ಮುಟ್ಟುವ ಹೊತ್ತಿಗೆ ಪಕ್ಕದ ಸಣ್ಣ ಯಂತ್ರ ಬೀಪ್ ಬೀಪ್ ಅನ್ನುತ್ತದೆ, ಅದರಿಂದ ಉದ್ದ ಗೊತ್ತಾಗುತ್ತದೆ. ಎಲ್ಲ ತೊಳೆದು ಒಣಗಿಸಿದ ಮೇಲೆ ಗಟಾಪರ್ಚಾ ಅಂತ ತುಂಬಿದರು, ಮರದ ಹಾಲಿನಿಂದ ಮಾಡುವ ರಬ್ಬರಿನ ಹಾಗಿರುವ ವಸ್ತು. ನೋವು? ಇಂಜೆಕ್ಷನ್ ಚುಚ್ಚಿದಾಗ ಚುರುಕ್ ಅಂದಿದ್ದು ಬಿಟ್ಟರೆ ಇಲ್ಲ. ದವಡೆ ತೆರೆದು ತೆರೆದು ಸುಸ್ತಾಗಿದ್ದೇ ಜಾಸ್ತಿ. ಎರಡು ದಿನ ಕಚ್ಚಿದರೆ ಸ್ವಲ್ಪ ನೋವಿತ್ತು. ತುಟಿ ಮರಗಟ್ಟಿರುವಾಗ ಏನೂ ತಿನ್ನಬೇಡಿ, ಗೊತ್ತಾಗದೆ ಕೆನ್ನೆ ಕಚ್ಚಿಕೊಳ್ಳುತ್ತೀರಿ ಅಂದಿದ್ದರು. ಸುಮಾರು ಮೂರು ಗಂಟೆ ಬೇಕಾಯಿತು ಬಿಡುವುದಕ್ಕೆ.

ಎರಡು ವಾರ ಬಿಟ್ಟು ಕ್ಯಾಪ್ ಹಾಕಿದರು. ನೋವು ಹೋಯಿತಲ್ಲ, ಕ್ಯಾಪ್ ಯಾಕೆ ಅಂತ ಬಿಟ್ಟವರನ್ನು ನೋಡಿದ್ದೇನೆ. ಒಳಗೆ ಕೊರೆದ ದವಡೆ ಹಲ್ಲು ಮೇಲಿಂದ ಭಾರ ಬಿದ್ದರೆ ಸೀಳಿಹೋಗಬಹುದು. ಬೇರಿನವರೆಗೆ ಸೀಳಿದರೆ ಕೀಳುವುದೇ ದಾರಿ. ಕ್ಯಾಪ್ ಹಾಕಿದ ಮಾರನೇ ದಿನ ಕಚ್ಚಿದರೆ ಆ ಹಲ್ಲೇ ಮೊದಲು ತಾಗುತ್ತಿತ್ತು. ಹೋಗಿ ಹೇಳಿದೆ. ಬಣ್ಣದ ಕಾಗದ ಕಚ್ಚಿಸಿ ಎಲ್ಲಿ ತಾಗುತ್ತದೆ ಅಂತ ನೋಡಿ, ಅಷ್ಟೇ ಜಾಗ ಉಜ್ಜಿ ಸರಿ ಮಾಡಿದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಇನ್ನು ಹಲ್ಲು ಕ್ಲೀನ್ ಮಾಡಿಸಿದ ವಿಷಯ. ನಮ್ಮಮ್ಮ ನನಗೆ ಮೊದಲಿಂದ ಹೇಳುತ್ತಿದ್ದದ್ದು ಒಂದೇ ಮಾತು: ಕ್ಲೀನ್ ಮಾಡಿಸಬೇಡ, ಹಲ್ಲು ಸಡಿಲ ಆಗುತ್ತದೆ. ಇದನ್ನೇ ಡಾಕ್ಟರ ಹತ್ತಿರ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಉಜ್ಜದೆ ಬಿಟ್ಟ ಲೋಳೆ ಪದರ ಎಂಜಲಿನ ಸುಣ್ಣ ಹಿಡಿದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಒಸಡಿನ ಕೆಳಗೆ ಇಳಿದು ಹಲ್ಲು ಹಿಡಿದಿರುವ ಮೂಳೆ ಕರಗಲು ಕಾರಣ ಆಗುತ್ತದೆ ಅಂದರು. "ಮೂಳೆ ಹೋಗಿ ಹಲ್ಲು ಆಗಲೇ ಸಡಿಲ ಆಗಿರುತ್ತದೆ. ಆ ಕಲ್ಲು ಸುತ್ತ ಹಿಡಿದುಕೊಂಡಿರುವುದರಿಂದ ನಿಮಗೆ ಗೊತ್ತಾಗಿರುವುದಿಲ್ಲ, ಅಷ್ಟೆ." ಕೆಳಗಿನ ಮುಂದಿನ ಹಲ್ಲುಗಳ ಹಿಂದಿನಿಂದ ಉದುರಿದ ಒಂದು ಚೂರನ್ನು ಹತ್ತಿಯ ಮೇಲೆ ಇಟ್ಟು ತೋರಿಸಿದರು. ಅಕ್ಕಿ ನುಚ್ಚಿನಷ್ಟು ಗಾತ್ರ, ಕಂದು ಬಣ್ಣ. ಉಗುರಿನಿಂದ ಒತ್ತಿ ನೋಡಿದೆ, ಒಂದಿಷ್ಟೂ ಜಗ್ಗಲಿಲ್ಲ. ಬ್ರಷ್‌ನಿಂದ ಇದು ಹೋಗುತ್ತದೆ ಅಂತ ಇಷ್ಟು ವರ್ಷ ಗಸಗಸ ತಿಕ್ಕಿದ್ದೆನಲ್ಲ ಅಂತ ಆಗಲೇ ಗೊತ್ತಾಗಿದ್ದು.

ಆಳ ಜಾಸ್ತಿ ಇದ್ದ ಕಡೆ ಮರಗಟ್ಟಿಸಿ ಒಸಡಿನ ಕೆಳಗೂ ಕ್ಲೀನ್ ಮಾಡಿದರು, ಒಂದೊಂದು ದಿನ ಒಂದೊಂದು ಪಕ್ಕ. ಆಮೇಲೆ ಸುಮಾರು ಒಂದು ವಾರ ತಣ್ಣನೆಯ ಗಾಳಿ ತಾಗಿದರೂ ಜುಂ ಅನ್ನುತ್ತಿತ್ತು. ಊತ ಇಳಿದು ಸಂದಿಗಳು ಎದ್ದು ಕಂಡವು, ಮುಂದಿನ ಹಲ್ಲುಗಳ ನಡುವೆ ಕಪ್ಪು ತ್ರಿಕೋನದ ಹಾಗೆ. ಇದು ಗೊತ್ತಿರಲಿ. ಗೊತ್ತಿಲ್ಲದವರು ಕನ್ನಡಿ ನೋಡಿ ಡಾಕ್ಟರು ಹಾಳು ಮಾಡಿದರು ಅಂದುಕೊಳ್ಳುತ್ತಾರೆ.

ಈ ಕ್ಲಿನಿಕ್‌ಗೆ ನಾನು ಪೂರ್ತಿ ಅಂಕ ಕೊಡುವುದು ಇದರ ಮುಂದಿನ ಭಾಗಕ್ಕೆ. ಕ್ಲೀನ್ ಮಾಡಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡದೆ ಹಲ್ಲುಜ್ಜುವುದನ್ನು ಕಲಿಸಿದರು. ನಲವತ್ತಮೂರು ವರ್ಷದ ಗಂಡಸಿಗೆ! ಹಲ್ಲಿಗೆಲ್ಲ ಗುಲಾಬಿ ಬಣ್ಣದ ದ್ರಾವಣ ಸವರಿ, ಬಾಯಿ ಮುಕ್ಕಳಿಸಲು ಹೇಳಿ, ಕನ್ನಡಿ ಕೈಗೆ ಕೊಟ್ಟರು. ಲೋಳೆ ಪದರ ಉಳಿದ ಕಡೆ ಬಣ್ಣ ಹಿಡಿದುಕೊಳ್ಳುತ್ತದೆ. ಮನೆಯಿಂದ ಚೆನ್ನಾಗಿ ಉಜ್ಜಿಕೊಂಡೇ ಹೋಗಿದ್ದೆ. ಆದರೂ ಒಸಡಿನ ಅಂಚಿನುದ್ದಕ್ಕೂ ಗುಲಾಬಿ ಗೆರೆ. ಕೆಳಗಿನ ಹಲ್ಲುಗಳ ಒಳಬದಿ ಪೂರ್ತಿ ಗುಲಾಬಿ. ನಾನು ತಿಕ್ಕುತ್ತಿದ್ದದ್ದು ನಗುವಾಗ ಕಾಣುವ ಹಲ್ಲುಗಳನ್ನು ಮಾತ್ರ. ಅವನ್ನೂ ಎಷ್ಟು ಜೋರಾಗಿ ಅಂದರೆ ಕೋರೆಹಲ್ಲಿನ ಬುಡದಲ್ಲಿ ಗೀರು ಬಿದ್ದು ಉಗುರು ಸಿಕ್ಕುವಷ್ಟು ಹಳ್ಳ ಆಗಿತ್ತು.

ಈಗ ಮೆತ್ತನೆಯ ಬ್ರಷ್. ಅದನ್ನು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಅಲ್ಲೇ ಸಣ್ಣಗೆ ಅಲುಗಾಡಿಸಿ ಮುಂದಕ್ಕೆ ಹೋಗಬೇಕು. ಎರಡು ನಿಮಿಷ. ಎರಡು ನಿಮಿಷ ಅಂದರೆ ಇಷ್ಟೇ ತಾನೇ ಅಂದುಕೊಂಡಿದ್ದೆ, ಗಡಿಯಾರ ಇಟ್ಟು ನೋಡಿದರೆ ಮೊದಲು ನಾನು ಐವತ್ತು ಸೆಕೆಂಡಿಗೇ ಮುಗಿಸುತ್ತಿದ್ದೆ. ಪೇಸ್ಟ್ ಡಬ್ಬಿಯ ಹಿಂದೆ ಫ್ಲೋರೈಡ್ (ಹುಳುಕು ತಡೆಯುವ ಅಂಶ) ಎಷ್ಟಿದೆ ಅಂತ ಓದಲು ಹೇಳಿದರು. ದೊಡ್ಡವರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ ಅಂತ) ಒಳಗೆ ಇರಬೇಕು, ನನ್ನದು 1450. ಬಟಾಣಿ ಕಾಳಿನಷ್ಟು ಸಾಕು. ಉಜ್ಜಿದ ಮೇಲೆ ನೊರೆ ಉಗಿಯಬೇಕು, ನೀರು ಹಾಕಿ ಮುಕ್ಕಳಿಸಬಾರದು. ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಇದು ಅಭ್ಯಾಸ ಆಗಲು ನನಗೆ ತಿಂಗಳೇ ಬೇಕಾಯಿತು. ರಾತ್ರಿ ಉಜ್ಜುವುದನ್ನು ಮಾತ್ರ ಎಷ್ಟೇ ಸುಸ್ತಾಗಿದ್ದರೂ ತಪ್ಪಿಸಬೇಡಿ ಅಂದಿದ್ದಾರೆ. ನಿದ್ದೆಯಲ್ಲಿ ಎಂಜಲು ಕಡಿಮೆ ಬರುತ್ತದೆ, ಬಾಯಿ ತೊಳೆಯುವವರೇ ಇರುವುದಿಲ್ಲ.

ಸಂದಿ ಬ್ರಷ್ ಬಗ್ಗೆ ಎರಡು ಮಾತು. ಬೆರಳುದ್ದದ ಹಿಡಿ, ತುದಿಯಲ್ಲಿ ತಂತಿಗೆ ಸುತ್ತಿದ ಪುಟ್ಟ ಬ್ರಷ್. ಎರಡು ಹಲ್ಲಿನ ನಡುವೆ ತೂರಿಸಿ ಹಿಂದೆ ಮುಂದೆ ಎಳೆಯಬೇಕು. ಗಾತ್ರ ಬೇರೆ ಬೇರೆ ಇದೆ, ಒಂದೊಂದಕ್ಕೆ ಒಂದೊಂದು ಬಣ್ಣ. ಡಾಕ್ಟರು ನನ್ನ ಸಂದಿಗಳನ್ನು ನೋಡಿ ಮುಂದಕ್ಕೆ ಒಂದು ಗಾತ್ರ, ಹಿಂದಕ್ಕೆ ಒಂದು ಗಾತ್ರ ಆರಿಸಿಕೊಟ್ಟರು. ಬಲವಂತ ಮಾಡದೆ, ಆದರೆ ಸ್ವಲ್ಪ ಬಿಗಿಯಾಗಿ ಹೋಗಬೇಕು. ಮೊದಲ ದಿನ ಬ್ರಷ್ ಪೂರ್ತಿ ಕೆಂಪಾಯಿತು. ಹೆದರಿ ಫೋನ್ ಮಾಡಿದೆ. ನಿಲ್ಲಿಸಬೇಡಿ, ಮುಂದುವರೆಸಿ ಅಂದರು. ಹತ್ತನೇ ದಿನಕ್ಕೆ ರಕ್ತ ನಿಂತಿತು. ಆ ದಿನ ನನಗಾದ ಖುಷಿ ಹೇಳತೀರದು.

ಟೀ ವಿಷಯವೂ ಬಂತು. ನಾನು ಎಷ್ಟು ಟೀ ಕುಡಿಯುತ್ತೇನೆ ಅಂತ ಅವರು ಕೇಳಲಿಲ್ಲ, ಎಷ್ಟು ಸಲ ಕುಡಿಯುತ್ತೇನೆ ಅಂತ ಕೇಳಿದರು. ಗಾಡಿಯಲ್ಲಿ ಫ್ಲಾಸ್ಕ್ ಇರುತ್ತದೆ, ಸಿಗ್ನಲ್ ಬಿದ್ದಾಗಲೆಲ್ಲ ಒಂದೊಂದು ಗುಟುಕು. ಬಾಗಿಲ ಪಕ್ಕ ತಂಪು ಪಾನೀಯದ ಬಾಟಲಿ. ಸಕ್ಕರೆ ಸಿಕ್ಕಾಗ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಪಿಎಚ್ ಅಂತ ಒಂದು ಅಳತೆ ಇದೆ, ಆಮ್ಲ ಜಾಸ್ತಿ ಆದಷ್ಟೂ ಅದು ಇಳಿಯುತ್ತದೆ; ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಹೊರಕವಚ ಕರಗಲು ಶುರು. ಎಂಜಲು ಅದನ್ನು ಮತ್ತೆ ಸರಿ ಮಾಡುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನಾನು ಹದಿನೈದು ನಿಮಿಷಕ್ಕೊಂದು ಗುಟುಕು ಹಾಕಿದರೆ? ಹಲ್ಲಿಗೆ ಬಿಡುವೇ ಇಲ್ಲ. ಟೀ ಬಿಡಿ ಅನ್ನಲಿಲ್ಲ ಅವರು. ಕುಡಿಯುವುದಿದ್ದರೆ ಒಂದೇ ಸಲ ಕುಡಿದು ಮುಗಿಸಿ, ಮಧ್ಯೆ ನೀರು ಕುಡಿಯಿರಿ ಅಂದರು. ಈಗ ಬೆಳಿಗ್ಗೆ ಒಂದು, ಸಂಜೆ ಒಂದು, ಗಾಡಿ ನಿಲ್ಲಿಸಿಯೇ ಕುಡಿಯುತ್ತೇನೆ. ತಂಪು ಪಾನೀಯದ ಬಾಟಲಿ ಇದ್ದ ಜಾಗದಲ್ಲಿ ನೀರಿನ ಬಾಟಲಿ ಇದೆ. ಪಕ್ಕದ ಹಲ್ಲಿನ ಆ ಸಣ್ಣ ಹುಳುಕು ಇನ್ನೂ ಹೊರಕವಚದಲ್ಲೇ ಇತ್ತು. ಕೊರೆಯದೆ ಫ್ಲೋರೈಡ್ ಲೇಪ ಹಾಕಿ ಕಾದು ನೋಡೋಣ ಅಂದರು. ಒಂದು ವರ್ಷದ ಮೇಲೆ ಎಕ್ಸ್‌ರೇ ತೆಗೆದಾಗ ಇದ್ದಷ್ಟೇ ಇತ್ತು. ಕೊರೆಯಬಹುದಾಗಿದ್ದ ಹಲ್ಲನ್ನು ಕೊರೆಯದೆ ಬಿಟ್ಟ ಡಾಕ್ಟರ ಮೇಲೆ ನನಗೆ ನಂಬಿಕೆ ಬಂದಿದ್ದು ಅವತ್ತೇ.

ಶುಚಿತ್ವದ ಬಗ್ಗೆ ನನಗೆ ದೂರಿಲ್ಲ. ಉಪಕರಣಗಳ ಮುಚ್ಚಿದ ಲಕೋಟೆಯನ್ನು ನನ್ನ ಎದುರಿಗೇ ಹರಿಯುತ್ತಾರೆ. ಲಕೋಟೆಯ ಮೇಲಿನ ಗುರುತು ಹಬೆಯ ಬಿಸಿಗೆ ಬಣ್ಣ ಬದಲಿಸಿದೆಯಾ ಅಂತ ನಾನೂ ಈಗ ನೋಡುತ್ತೇನೆ. ಒಂದು ಸಲ ಮಧ್ಯದಲ್ಲಿ ಡಾಕ್ಟರು ಫೋನ್ ಮುಟ್ಟಿದರು. ತಿರುಗಿ ಬಂದವರು ಗ್ಲೌಸ್ ಬದಲಿಸಿಯೇ ನನ್ನ ಬಾಯಿಗೆ ಕೈ ಹಾಕಿದ್ದು.

ಕೊರತೆಗಳು ಇವೆ. ಶನಿವಾರ ಹೋಗಬೇಡಿ. ಸಮಯ ಕೊಟ್ಟಿದ್ದರೂ ಒಂದು ಸಲ ಐವತ್ತು ನಿಮಿಷ ಕಾದೆ. ನನ್ನಂಥವರಿಗೆ ಐವತ್ತು ನಿಮಿಷ ಅಂದರೆ ಎರಡು ಬಾಡಿಗೆ. ತಡ ಆಗುತ್ತದೆ ಅಂತ ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಖರ್ಚಿನ ಲೆಕ್ಕ ಮೊದಲ ದಿನ ಬಾಯಿಮಾತಿನಲ್ಲೇ ಹೇಳಿದರು, ಬರೆದು ಕೊಡಿ ಅಂತ ನಾನೇ ಕೇಳಬೇಕಾಯಿತು. ಕೇಳಿದ ಮೇಲೆ ಒಂದೊಂದು ಚಿಕಿತ್ಸೆಗೂ ಬೇರೆ ಬೇರೆ ಬರೆದು, ಯಾವುದು ಈಗಲೇ ಬೇಕು, ಯಾವುದು ತಡೆಯುತ್ತದೆ ಅಂತಲೂ ಗುರುತು ಹಾಕಿ ಕೊಟ್ಟರು. ಕೇಳದೆಯೇ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಹೊಸದಾಗಿ ಸೇರಿದ ಹುಡುಗನೊಬ್ಬ ನೀರು ಎಳೆಯುವ ಪೈಪನ್ನು ಸರಿಯಾಗಿ ಹಿಡಿಯದೆ ಎರಡು ಸಲ ಗಂಟಲಿಗೆ ನೀರು ಹೋಯಿತು. ಎಡಗೈ ಎತ್ತಿದರೆ ತಕ್ಷಣ ನಿಲ್ಲಿಸುತ್ತಾರೆ, ಆ ಒಪ್ಪಂದ ಮೊದಲೇ ಆಗಿರುತ್ತದೆ. ಹಾಗಾಗಿ ತೊಂದರೆ ಆಗಲಿಲ್ಲ.

ಮಗಳನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಏಳು ವರ್ಷ. ಮೊದಲ ಸಲ ಬರೀ ಕುರ್ಚಿಯನ್ನು ಮೇಲೆ ಕೆಳಗೆ ಆಡಿಸಿ, ಹಲ್ಲು ಎಣಿಸಿ ಕಳಿಸಿದರು. ಎರಡನೇ ಸಲ ಅವಳೇ ಓಡಿ ಹೋಗಿ ಹತ್ತಿ ಮಲಗಿದಳು. ಆರನೇ ವರ್ಷದ ಸುಮಾರಿಗೆ ಹಿಂದೆ ಬರುವ ದವಡೆ ಹಲ್ಲು ಶಾಶ್ವತ ಹಲ್ಲು, ಬಿದ್ದು ಮತ್ತೆ ಬರುವುದಿಲ್ಲ. ಇದು ನನಗೇ ಗೊತ್ತಿರಲಿಲ್ಲ, ಹಾಲುಹಲ್ಲು ಅಂದುಕೊಂಡಿದ್ದೆ. ಅವುಗಳ ಮೇಲಿನ ಗೀರುಗಳಲ್ಲಿ ಹುಳುಕು ಹಿಡಿಯದ ಹಾಗೆ ಸೀಲೆಂಟ್ ಅಂತ ತೆಳ್ಳನೆ ಪದರ ಹಾಕಿದರು. ಕೊರೆಯುವುದೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಕಾಯುವ ಜಾಗದ ಗೋಡೆಯಲ್ಲಿ ಒಂದು ಚಿತ್ರ ಇದೆ: ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತುಬಂದರೆ ಬೇರು ಮುಟ್ಟಬೇಡಿ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತನ್ನಿ. ಅದರ ಫೋಟೋ ತೆಗೆದು ಮಗಳ ಶಾಲೆಯ ಟೀಚರಿಗೆ ಕಳಿಸಿದೆ.

ಕ್ಲೀನ್ ಮಾಡಿದ ಮೂರು ತಿಂಗಳಿಗೆ ಮತ್ತೆ ಅಳತೆ ತೆಗೆದಿದ್ದರು. ಅದೇ ಕಡ್ಡಿ, ಅದೇ ಸಹಾಯಕಿ. ನಾಲ್ಕು ಇದ್ದ ಕಡೆಯೆಲ್ಲ ಮೂರು, ಎರಡು ಅಂತ ಕೇಳಿಬಂತು. ಕೆಳಗಿನ ಎಡಗಡೆ ಹಿಂದಕ್ಕೆ ಬರುವಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡೆ. "ನಾಲ್ಕು, ಮೂರು, ಐದು." ಆರು ಐದಾಗಿತ್ತು. ಆಮೇಲೆ ಪ್ರತಿ ಮೂರು ತಿಂಗಳಿಗೂ ಹೋಗುತ್ತಿದ್ದೇನೆ. ಆ ನಾಲ್ಕೂ ಈಗ ಮೂರಕ್ಕೆ ಇಳಿದಿದೆ. ಕೊನೆಯ ಹಲ್ಲಿನ ಹಿಂಬದಿಯ ಆ ಐದು ಮಾತ್ರ ಜಗ್ಗಿಲ್ಲ. ಅಲ್ಲಿಗೆ ಅಂತಲೇ ತುದಿಯಲ್ಲಿ ಒಂದೇ ಗೊಂಚಲು ಇರುವ ಸಣ್ಣ ಬ್ರಷ್ ಕೊಟ್ಟಿದ್ದಾರೆ. ಬಾಯಿ ಅರ್ಧ ಮುಚ್ಚಿದರೆ ಕೆನ್ನೆ ಸಡಿಲ ಆಗಿ ಅದು ಹಿಂದಕ್ಕೆ ತಲುಪುತ್ತದೆ. ಮುಂದಿನ ಅಳತೆ ಬರುವ ತಿಂಗಳು ಹದಿನಾಲ್ಕಕ್ಕೆ, ರಾತ್ರಿ ಎಂಟು ಗಂಟೆಗೆ.